ಕ್ಲಚ್ಚಿನ ಮಗ್ಗುಲ ಬೂಟಿನ ಗುರುತು

ವಾಸನೆ — ನನ್ನದಲ್ಲ, ಮುಂದಿನ ಟ್ರ್ಯಾಕ್ಟರಿನದು, ಎರಡು ಟ್ರೇಲರು ಕಬ್ಬು ಹೇರಿಕೊಂಡು ತುಂಬು ಬಸುರಿ ಎಮ್ಮೆಯ ಹಾಗೆ ತೊನೆಯುತ್ತ ಹೊರಟಿದೆ, ಅದರ ಬ್ರೇಕು ಸುಡುತ್ತಿರಬೇಕು, ಇಲ್ಲವೆ ಬದುವಿನ ಆಚೆ ಯಾರೋ ರವದಿಗೆ ಬೆಂಕಿ ಹಚ್ಚಿರಬೇಕು, ಕಬ್ಬು ಕಡಿದ ಹೊಲದ ಒಣ ಗರಿ ಸುಟ್ಟರೂ ಹೀಗೇ ಮೂಗಿಗೆ ಬಡಿಯುತ್ತದೆ, ಹೀಗೇ ಅಲ್ಲ, ಅದರಲ್ಲಿ ಒಂದು ಸಿಹಿ ಇರುತ್ತದೆ, ಇದರಲ್ಲಿ ಇಲ್ಲ, ಇದು ಲಾಳ ಹೊಡೆಯುವಾಗ ಗೊರಸು ಸುಟ್ಟ ವಾಸನೆ, ಈ ವಾಸನೆಯನ್ನು ನಾನು ತಾಯಿಯ ಹೊಟ್ಟೆಯಿಂದಲೇ ಬಲ್ಲೆ, ಅಗರಖೇಡದಿಂದ ತಂಗಡಗಿಯವರೆಗೆ ಯಾವ ಲಾರಿಯ ಕ್ಲಚ್ ಪ್ಲೇಟು ಸುಟ್ಟರೂ ಗಾಳಿ ಮೊದಲು ನನ್ನ ಮೂಗಿಗೆ ವರದಿ ಒಪ್ಪಿಸಿ ಆಮೇಲೆ ಗಾಡಿಯ ಮಾಲೀಕನ ಮನೆಯ ಕಡೆ ಹೋಗುತ್ತದೆ, ಅಂಥ ಮೂಗು, ಅಂಥ ಕಾಲು, ಗುರುಲಿಂಗಪ್ಪನ ಎಡಗಾಲು ಅಂದರೆ ಸುಮ್ಮನೆಯೇ, ಕ್ಲಚ್ಚಿನ ಮೇಲೆ ಇಳಿದರೆ ಹಾಲಿನ ಕೆನೆಯ ಮೇಲೆ ನೊಣ ಕೂತಷ್ಟು ಭಾರ, ಎದ್ದರೆ ಕೆನೆಗೂ ಗೊತ್ತಾಗಬಾರದು, ಸಿಂದಗಿಯ ಧಾಬಾದಲ್ಲಿ ಈ ಮಾತು ಹೇಳಿದಾಗ ರೊಟ್ಟಿ ಬಡಿಯುವ ಹೆಣ್ಣುಮಗಳು ಕೈ ನಿಲ್ಲಿಸಿ ನನ್ನ ಪಾದ ನೋಡಿದ್ದಳು, ಹೊಗಳಿಕೆಗೆ ನೋಡಿದಳೋ ಹೊಲಸಾಗಿದೆ ಎಂದು ನೋಡಿದಳೋ ಆ ವಿಷಯ ಬೇರೆ. ಹಿಂದೆ ಹತ್ತಿಕಾಳಿನ ಹಿಂಡಿ ಚೀಲಗಳು, ಇಂಡಿಯ ಸಂಜೀವಕುಮಾರ ಸಾವ್ಕಾರರ ಲಾರಿ, ಸಿಂದಗಿಯ ಅಂಗಡಿಗೆ ಒಂದಿಷ್ಟು, ಬಸವನ ಬಾಗೇವಾಡಿಗೆ ಒಂದಿಷ್ಟು, ಉಳಿದದ್ದು ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿಗೆ, ಲೋಡು ಜಾಸ್ತಿ, ಹೌದು, ಲೋಡು ಜಾಸ್ತಿಯಾಗಿದೆ, ಅದಕ್ಕೇ ವಾಸನೆ, ಸಿಂದಗಿಯಲ್ಲಿ ಇಳಿಸಿದ ಮೇಲೆ ಹೋಗುತ್ತದೆ, ಪ್ಲೇಟು ಹೊಸದು, ದೀಪಾವಳಿ ಮುಗಿದ ಮೇಲೆ ಹಾಕಿದ್ದು, ಸಂಕ್ರಾಂತಿಯ ಎಳ್ಳು ಹಂಚಿ ಮುಗಿದಿಲ್ಲ ಇನ್ನೂ, ಹೊಸ ಪ್ಲೇಟು ಸುಡಬಾರದು, ಸುಡಲು ಈಗ ಈ ಕ್ಯಾಬಿನ್ನಿನಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ, ಭೀಮಶ್ಯಾ ಇಲ್ಲ, ಭೀಮಶ್ಯಾನನ್ನು ಈ ಗಾಡಿಯ ಕೆಲಸದಿಂದ ಇಳಿಸಿಯಾಯಿತು.

ಭೀಮಶ್ಯಾ ಬೂಟು ಹಾಕಿಕೊಂಡು ಗಾಡಿ ಹೊಡೆಯುತ್ತಿದ್ದ, ಒಂದು ಕಾಲಕ್ಕೆ ಬಿಳಿ ಇದ್ದಿರಬಹುದಾದ ಕ್ಯಾನ್ವಾಸಿನ ಬೂಟು, ಒಂದು ವಾರ ನಾನು ಒಂದು ವಾರ ಅವನು, ದೂರದ ಬಾಡಿಗೆ ಬಂದರೆ ಇಬ್ಬರೂ, ನಾನು ಮಲಗಿದರೆ ಅವನು ಹೊಡೆಯುವುದು, ಅವನು ಮಲಗಿದರೆ ನಾನು, ಹಾಗೆ ನಡೆದಿತ್ತು. ನಮ್ಮ ಕಡೆಯ ಹಳೆಯ ಡ್ರೈವರುಗಳು ಗಾಡಿ ಹತ್ತುವ ಮೊದಲು ಚಪ್ಪಲಿ ಬಿಡುತ್ತಾರೆ, ಕೆಳಗೆ ಬಿಟ್ಟರೆ ಊರೂರಿಗೆ ಹೊಸದು ಕೊಳ್ಳಬೇಕಾದೀತೆಂದು ಕೈಯಲ್ಲಿ ಹಿಡಿದು ಸೀಟಿನ ಹಿಂದೆ ಸಿಕ್ಕಿಸುತ್ತಾರೆ, ಡ್ಯಾಶ್‌ಬೋರ್ಡಿನ ಮೇಲೆ ಬಾಗೇವಾಡಿ ಬಸವಣ್ಣನ ಫೋಟೊ ಇದೆ, ಊದುಬತ್ತಿ ಇದೆ, ಅದು ಗುಡಿ ಇದ್ದ ಹಾಗೆ, ಬರಿಗಾಲಲ್ಲೇ ಹೊಡೆಯಬೇಕು, ಬರಿಗಾಲಲ್ಲಿ ಹೊಡೆದರೆ ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಲ್ಲಿ ಬಿಡುತ್ತದೆ ಎಂಬುದು ನಾಡಿ ಹಿಡಿದ ಹಾಗೆ ತಿಳಿಯುತ್ತದೆ, ನಾನು ಅಂಗಾಲಿನಿಂದ ಪ್ಲೇಟಿನ ದಪ್ಪ ಹೇಳುತ್ತಿದ್ದೆ, ಕೂದಲೆಳೆ ಹೆಚ್ಚುಕಡಿಮೆಯಾಗದ ಹಾಗೆ ಹೇಳುತ್ತಿದ್ದೆ, ಬಿಚ್ಚಿ ನೋಡಿದವರು ಯಾರಿದ್ದರು. ಯಾಕೋ ಭೀಮಶ್ಯಾ ಬೂಟು ಅಂದರೆ, ನೆಲ ಸುಡತೈತ್ರಿ ಅಣ್ಣಾರ, ಇಂಜಿನ್ ಕಾವು ಕೆಳಗಿಂದ ಬರತೈತಿ ಅನ್ನುತ್ತಿದ್ದ, ಆ ಒಂದು ಮಾತನ್ನು ನಾನು ಇಂಡಿ ಬಸ್‌ಸ್ಟ್ಯಾಂಡಿನಿಂದ ಸಿಂದಗಿ ನಾಕಾದವರೆಗೆ ಮಾರಿಕೊಂಡು ಬಂದೆ, ನೆಲ ಸುಡತೈತಂತ ನಮ್ಮ ಭೀಮಶ್ಯಾಗ, ತಾವರಿ ಹೂವಿನಂಥ ಪಾದ ಪಾಪ, ಅರಮನ್ಯಾಗ ಬೆಳದಾನ, ಎಲ್ಲರೂ ನಕ್ಕರು, ಅವನೂ ನಕ್ಕ, ನಗದೆ ಏನು ಮಾಡಿಯಾನು. ನನಗೆ ಆ ನೆಲ ಹೊಳೆಯ ದಂಡೆಯ ಮರಳಿನ ಹಾಗೆ ತಣ್ಣಗಿತ್ತು, ಬ್ಯಾಸಿಗೆಯ ನಡು ಮಧ್ಯಾಹ್ನದಲ್ಲೂ ತಣ್ಣಗಿತ್ತು, ತಣ್ಣಗೂ ಅಲ್ಲ ಬಿಸಿಯೂ ಅಲ್ಲ, ಏನೂ ಇರಲಿಲ್ಲ, ಏನೂ ಇಲ್ಲದ್ದನ್ನು ನಾನು ಗಂಡಸುತನ ಅಂದುಕೊಂಡಿದ್ದೆ. ಮತ್ತೆ ಬೂಟಿನ ವಿಷಯ — ಆ ಗುಡಿಯ ಮಾತು, ಅದನ್ನು ನಾನು ಉಳಿದ ಬೂಟಿನ ಡ್ರೈವರುಗಳಿಗೆ ಹೇಳಿದೆನೇ, ಜಮೀನುದಾರ ದೇಶಮುಖರ ಮನೆಯ ಹುಡುಗ ಬೂಟು ಹಾಕಿಕೊಂಡೇ ಇದೇ ಲಾರಿ ಹೊಡೆದು ನೋಡಿದಾಗ ಭಾಳ ಛಂದ ಹೊಡೀತೀರಿ ಅಂದವನು ನಾನೇ ಅಲ್ಲವೆ, ಭೀಮಶ್ಯಾನಿಗೆ ಮಾತ್ರ ಗುಡಿ ನೆನಪಾಗುತ್ತಿತ್ತು, ಈಗ ಆ ಮಾತು ಬೇಡ, ರೋಡ್ ಹಂಪು ಬಂತು, ಗೇರು ಇಳಿಸಬೇಕು.

ಸಿಂದಗಿಯಲ್ಲಿ ಚೀಲ ಇಳಿದವು, ಗಾಡಿ ಹಗುರಾಯಿತು, ವಾಸನೆ ಇಳಿಯಲಿಲ್ಲ. ಹಳೆಯ ವಾಸನೆ ಸೀಟಿಗೆ ಹತ್ತಿಕೊಂಡಿರಬೇಕು, ಬಟ್ಟೆಗೆ ಹತ್ತಿದ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ, ನನ್ನ ಹೆಂಡತಿ ಸುವರ್ಣಾ ಹೇಳುತ್ತಿರುತ್ತಾಳೆ, ನಿಮ್ಮ ಅಂಗಿ ತೊಳದ್ರ ಹೊಳಿ ಮೀನಿಗೆಲ್ಲ ಡೀಸಲ್ ಕುಡಿಸಿದಂಗ ಆಗತೈತ್ರಿ. ಸುವರ್ಣಾ ಮೊನ್ನೆ ಮೊನ್ನೆ ಯಾಕೆ ನಗುವುದು ನಿಲ್ಲಿಸಿದಳು, ನಾನು ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದು ಬಂದೆ, ಬಾಗಿಲಲ್ಲಿ ನಿಂತು ಅಕಿ ಕಿಸಕ್ಕನೆ ನಕ್ಕಳು, ಒಂದ ಚಪ್ಪಲಿ ಹಾಕ್ಕೊಂಡ ಬಂದೀರಲ್ರಿ, ಇನ್ನೊಂದು ಯಾರಿಗಿ ದಾನಾ ಕೊಟ್ರಿ, ನೋಡಿದರೆ ಎಡಗಾಲಲ್ಲಿ ಚಪ್ಪಲಿ ಇಲ್ಲ, ಎಲ್ಲಿ ಕಳಚಿತೋ, ಡಾಂಬರಿನ ಮೇಲೆ, ಜಲ್ಲಿಯ ಮೇಲೆ, ಮಟಮಟ ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಿದ್ದೆ, ನಗುತ್ತಿದ್ದವಳು ಬಗ್ಗಿ ಗುಳ್ಳೆ ಎದ್ದ ನನ್ನ ಅಂಗಾಲು ಹಿಡಿದು ನೋಡಿದಳು, ನಿಮಗ ಗೊತ್ತಾಗಲಿಲ್ಲೇನ್ರಿ ಅಂದಳು, ನಾನು ಏನು ಕಡಿಮೆಯವನೇ, ಎಮ್ಮಿ ಚರ್ಮ ಇದು, ಇದರ ಮ್ಯಾಲ ರೈಲು ಹಾಯ್ದ್ರ ರೈಲಿಗೇ ಪಂಕ್ಚರ್ ಅಂದೆ. ಶುಗರ್ ಇದ್ದವರಿಗೆ ಕಾಲು ಜೋಮು ಹಿಡಿದು ಸತ್ತ ಹಾಗೆ ಆಗುತ್ತದಂತೆ, ದವಾಖಾನೆಗೆ ಹೋಗಿ ಬರೋಣ ಅಂದಳು, ಗುಳಿಗೆ ನುಂಗುತ್ತೇನಲ್ಲ, ಅದೂ ನೆನಪಾದಾಗ, ಮತ್ತೆ ದವಾಖಾನೆ ಯಾಕೆ, ಡ್ರೈವರ್ ಕಾಲು ತೋರಿಸಲು ಹೋದನೆಂದು ಒಬ್ಬನ ಕಿವಿಗೆ ಬಿದ್ದರೆ ಸಾವ್ಕಾರ ಸ್ಟೇರಿಂಗ್ ಕೊಡುತ್ತಾನೆಯೇ, ಸ್ಟೇರಿಂಗ್ ಇಲ್ಲದ ಗುರುಲಿಂಗಪ್ಪ ಅಂದರೆ ಏನು ಉಳಿಯಿತು, ಬರಿ ಬಾಯಿ. ಇಂಜಿನ್ನು ಯಾಕೆ ಇಷ್ಟು ಒದರುತ್ತಿದೆ, ಕಾಲು ಒತ್ತಿದರೆ ಸಪ್ಪಳ ಏರುತ್ತದೆ, ಗಾಡಿ ಏರುವುದಿಲ್ಲ, ಬಾಯಿ ಮಾಡುವುದು ಒಂದು ಕೆಲಸ ಮಾಡುವುದು ಇನ್ನೊಂದು, ನನ್ನ ಹಾಗೇ, ಛೇ.

ಆವತ್ತು ಇಂಡಿಯಲ್ಲಿ ಹಾಜಿಮಲಂಗನ ಗ್ಯಾರೇಜು, ಹಳೆಯ ಪ್ಲೇಟು ಬಿಚ್ಚಿ ಗೋಣಿತಟ್ಟಿನ ಮೇಲೆ ಇಟ್ಟಿದ್ದ, ಲೈನಿಂಗು ಪೂರ್ತಿ ಸವೆದು ರಿವೀಟುಗಳು ಹಲ್ಲು ಕಿರಿದಿದ್ದವು, ಕಾದು ಕಾದು ಅಲ್ಲಲ್ಲಿ ನೀಲಿ ಬಣ್ಣ ತಿರುಗಿತ್ತು, ಸಂಜೀವಕುಮಾರ ಸಾವ್ಕಾರರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು, ಹ್ಯಾಂಗ ಆತಿದು, ಹೋದ ವರ್ಷ ಹಾಕಿದ ಪ್ಲೇಟಲ್ಲೇನು ಅಂದರು, ಕೇಳಿದ್ದು ಇಬ್ಬರನ್ನೂ, ನೋಡಿದ್ದು ಭೀಮಶ್ಯಾನನ್ನು. ನಾನು ಮುಂದೆ ಬಂದೆ, ಯಾರು ಕರೆದರು ನನ್ನನ್ನು, ಯಾರೂ ಕರೆಯಲಿಲ್ಲ, ಜನ ಸೇರಿದ್ದರು, ಜನ ಕಂಡರೆ ನನ್ನ ನಾಲಿಗೆಗೆ ತಾನೇ ಸ್ಟಾರ್ಟರು ಹತ್ತುತ್ತದೆ, ಪ್ಲೇಟು ಎತ್ತಿ ಬಿಸಿಲಿಗೆ ಹಿಡಿದೆ, ಮೂಸಿದೆ, ಬೆರಳಿಂದ ಬಾರಿಸಿ ಕಿವಿಗಿಟ್ಟು ಕೇಳಿದೆ, ಕಂಚಿನ ತಾಳ ಪರೀಕ್ಷೆ ಮಾಡುವವರ ಹಾಗೆ, ಆಮೇಲೆ ಹೇಳಿದೆ, ಸಾವ್ಕಾರ್ರ, ಇದು ಲೋಡಿನಿಂದ ಸುಟ್ಟಿದ್ದಲ್ಲ, ಏರಿನ್ಯಾಗ ಸುಟ್ಟಿದ್ದಲ್ಲ, ಇದು ಹಗಲೆಲ್ಲ ಪೆಡಲಿನ ಮ್ಯಾಲ ಕಾಲು ಊರಿ ಕುಂತವರ ಕೆಲಸ, ಕಾಲಾಗ ಬೂಟು ಇತ್ತಂದ್ರ ಕಾಲು ಎಲ್ಲೈತಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ. ಎಷ್ಟು ಸರಿಯಾಗಿ ಹೇಳಿದೆ, ಒಂದೊಂದು ಮಾತೂ ಖರೆ, ಹೆಸರು ಮಾತ್ರ — ಇಲ್ಲ, ಇನ್ನೂ ಏನೂ ಗೊತ್ತಾಗಿಲ್ಲ, ಬರಿ ವಾಸನೆ. ಹಾಜಿಮಲಂಗ ಗಾಡಿಯೊಳಗೆ ಒಮ್ಮೆ ಬಗ್ಗಿ ನೋಡಿ ಏನೋ ಹೇಳಲು ಬಾಯಿ ತೆರೆದ, ನಾನು ಇನ್ನೊಂದು ಚಟಾಕಿ ಹಾರಿಸಿದೆ, ಎಲ್ಲರೂ ನಕ್ಕರು, ಅವನ ಬಾಯಿ ಮುಚ್ಚಿತು. ಭೀಮಶ್ಯಾ ಜಗಳಾಡಲಿಲ್ಲ, ನಾ ಸುಟ್ಟಿಲ್ಲ ಅಂತಲೂ ಅನ್ನಲಿಲ್ಲ, ನನ್ನ ಕಾಲು ಎಲ್ಲಿರತೈತಿ ಅಂತ ಗಾಡಿಗಿ ಗೊತ್ತೈತ್ರಿ ಅಂದ, ಅಷ್ಟೇ, ನಾನು ಬಿಡುತ್ತೇನೆಯೇ, ಹಂಗಾರ ಗಾಡೀನ್ನ ಕೋರ್ಟಿಗಿ ಕರಸೋಣೇನೋ, ಸಾಕ್ಷಿ ಹೇಳತೈತಿ ಅಂದೆ. ಸಾವ್ಕಾರರು ಅಂಥವರ ಕೈಯಾಗ ಸ್ಟೇರಿಂಗ್ ಕೊಟ್ಟಿದ್ದ ನಂದು ತಪ್ಪು ಅಂದರು, ಎಂಥವರ ಎಂದು ನಾನು ಕೇಳಲಿಲ್ಲ, ಅಲ್ಲಿ ನಿಂತವರು ಯಾರೂ ಕೇಳಲಿಲ್ಲ, ಕೇಳುವ ಜರೂರು ಯಾರಿಗೂ ಇರಲಿಲ್ಲ, ಭೀಮಶ್ಯಾ ಚಾವಿಯನ್ನು ಬಾನೆಟ್ಟಿನ ಮೇಲೆ ಸಪ್ಪಳವಾಗದ ಹಾಗೆ ಇಟ್ಟು ಹೋದ. ಆಮೇಲೆ ಯಶೋಧಾ ಸಿಕ್ಕಿದ್ದಳು, ಅವನ ಹೆಂಡತಿ, ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಪಾತ್ರೆಯ ಗಂಟು ಇಟ್ಟುಕೊಂಡು ಕೂತಿದ್ದಳು, ತಂಗಡಗಿಗಿ ಹೊಂಟೇವ್ರಿ ಅಣ್ಣಾರ, ನಮ್ಮ ತವರಮನಿಗಿ, ಮುದ್ದೇಬಿಹಾಳ ಯಾರ್ಡಿನ್ಯಾಗ ಇವರಿಗಿ ಚೀಲಾ ಹೊರೂ ಕೆಲಸಾ ಐತಂತ, ಅಣ್ಣಾರ ಅನ್ನುವುದನ್ನು ಬಿಟ್ಟಿರಲಿಲ್ಲ ಆ ಹೆಣ್ಣುಮಗಳು, ನಾನು ಭಾಳ ಛಲೋ ಆತು ಬಿಡವಾ, ಹೊಳಿ ದಂಡಿ ಊರು, ತಂಪಿರತೈತಿ ಅಂದೆ, ತಂಪಿರತೈತಿ, ನನ್ನ ಬಾಯಿಗೆ ಬೆಂಕಿ ಹಾಕಬೇಕು.

ಬಾಗೇವಾಡಿಯಲ್ಲಿ ಹಿಂಡಿ ಅಂಗಡಿಯ ಅಪ್ಪಾಸಾಬ ಗಾಡಿ ನಿಲ್ಲುವ ಮೊದಲೇ ಮೂಗು ಹಿಡಿದುಕೊಂಡ, ಏನ್ ಗುರುಲಿಂಗಪ್ಪ, ಇವತ್ತ ಬಸವಣ್ಣಗ ಯಾವ ಊದಿನಕಡ್ಡಿ ಹಚ್ಚಿಯೋ ಮಾರಾಯಾ, ಇಡೀ ಪ್ಯಾಟಿ ಕೆಮ್ಮಾಕತ್ತೈತಿ, ನಾನೂ ನಕ್ಕೆ, ಸ್ಪೆಶಲ್ ಮಾಲು, ನಿನ್ನಂಥವರಿಗಿ ಆಗಿ ಬರೂದಿಲ್ಲ ಅಂದೆ. ಚೀಲ ಇಳಿದವು, ಈಗ ಗಾಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಮಾಲು, ಈಗ ಲೋಡಿನ ಮೇಲೆ ಹಾಕುವಂತಿಲ್ಲ, ದಾರಿಯ ಮೇಲೆ ಹಾಕುವಂತಿಲ್ಲ, ಬಾಗೇವಾಡಿಯಿಂದ ಮುಂದೆ ದಾರಿ ಬಾಂಡೆ ತೊಳೆದ ಕಲ್ಲಿನ ಹಾಗೆ ಸಪಾಟು, ಏರೇ ಇಲ್ಲ, ಪ್ಲೇಟಿನ ಮೇಲೆ ಹಾಕುವಂತಿಲ್ಲ, ಹೊಸದು, ಬೇರೆ ಡ್ರೈವರ್ ಇಲ್ಲ, ಒಂದೊಂದೇ ನೆಪ ಒಂದೊಂದು ಊರಲ್ಲಿ ಚೀಲದ ಹಾಗೆ ಇಳಿದು ಹೋಯಿತು. ನಾನು ಕಲಿಸಿದ ಹುಡುಗರಿಗೆ ಏನು ಹೇಳುತ್ತಿದ್ದೆ, ಅರ್ಧ ಜಿಲ್ಲೆಗೆ ಕಲಿಸಿದ್ದೇನೆ, ಅರ್ಧ ಯಾಕೆ, ಉಳಿದ ಅರ್ಧ ನಡೆದುಕೊಂಡು ಓಡಾಡುತ್ತದೆ, ಏ ತಮ್ಮಾ, ಕ್ಲಚ್ಚು ಅಂದ್ರ ಕಾಲಿಡೂ ಮಣಿ ಅಲ್ಲ, ಒತ್ತೂದು, ಗೇರ್ ಹಾಕೂದು, ಬಿಡೂದು, ಕಾಲು ಕೆಳಗ ನೆಲಕ್ಕ ಇಡೂದು, ಏರಿನ್ಯಾಗ ನಿಂತಾಗ ಅರ್ಧ ಕ್ಲಚ್ಚಿನ ಮ್ಯಾಲ ಗಾಡಿ ತೂಗಬ್ಯಾಡ, ಹ್ಯಾಂಡ್‌ಬ್ರೇಕ್ ಏನು ಅರಿವಿ ಒಣಾ ಹಾಕಾಕ ಕೊಟ್ಟಾರೇನು, ತುಂಬಿದ ಗಾಡಿ ಸೆಕೆಂಡ್ ಗೇರಿನ್ಯಾಗ ಎಬ್ಬಿಸಬ್ಯಾಡ, ರೇಲ್ವೆ ಗೇಟ್ ಬಂತಂದ್ರ ನ್ಯೂಟ್ರಲ್ ಮಾಡು, ಕಾಲು ತಗಿ, ಕಾಲು ತಗಿ, ಕಾಲು ತಗಿ, ಎಷ್ಟು ಸಲ ಹೇಳಿದ್ದೇನೆ, ಕಾಲಿನ ತೂಕ ಒಂದು ಪೇರಲಹಣ್ಣಿನಷ್ಟು ಬಿದ್ದರೂ ಒಳಗೆ ಪ್ಲೇಟು ಪೂರಾ ಕೂಡುವುದಿಲ್ಲ, ಜಾರುತ್ತ ತಿರುಗುತ್ತದೆ, ಜಾರುತ್ತ ಕಾಯುತ್ತದೆ, ಕಾಯುತ್ತ ಸವೆಯುತ್ತದೆ, ಹೊರಗೆ ಯಾರಿಗೂ ಕಾಣುವುದಿಲ್ಲ. ನಾನು ತೆಗೆದೇ ಇದ್ದೇನಲ್ಲ. ಗೇರು ಬದಲಿಸಿ ಆಯಿತು, ಕಾಲು ನೆಲದ ಮೇಲಿದೆ. ಇದೆ. ನನಗೆ ಗೊತ್ತಿದೆ, ಬಸವಣ್ಣನಾಣೆ ನೆಲದ ಮೇಲಿದೆ, ಡ್ರೈವರ್ ಆದವನು ತನ್ನ ಕಾಲನ್ನು ಬಗ್ಗಿ ನೋಡುತ್ತಾನೆಯೇ, ಹೊಸ ಹುಡುಗರು ನೋಡುತ್ತಾರೆ, ಉಣ್ಣುವಾಗ ಬಾಯಿ ಎಲ್ಲಿದೆ ಎಂದು ಯಾರಾದರೂ ಹುಡುಕುತ್ತಾರೆಯೇ — ದಾರಿ ಖಾಲಿ ಇದೆ, ಯಾರೂ ಇಲ್ಲ, ಒಂದು ಸಲ, ಕಣ್ಣು ಹಾಗೆ ಕೆಳಗೆ, ಒಂದು ಚಣ.

ಪೆಡಲಿನ ಮೇಲಿದೆ. ನನ್ನ ಕಾಲು ಪೆಡಲಿನ ಮೇಲಿದೆ, ಹಿತವಾಗಿ, ಪರರ ಮನೆಯ ಜೋಕಾಲಿಯ ಮೇಲೆ ಕೂತ ಬೀಗನ ಹಾಗೆ, ಯಾರು ಇಟ್ಟರು, ನಾನು ಇಟ್ಟಿಲ್ಲ, ಇಳಿ ಅಂದರೆ ಇಳಿಯಿತು, ಮಾತು ಕೇಳುತ್ತದೆ ಕಾಲು, ನಾನು ಹೇಳಿದ್ದು ಅದಕ್ಕೆ ಕೇಳುತ್ತದೆ, ಅದು ಹೇಳುವುದು ಮಾತ್ರ ನನಗೆ ಕೇಳುವುದಿಲ್ಲ, ಅದು ಎಲ್ಲಿದೆ ಎಂಬ ಸುದ್ದಿ ಮೊಣಕಾಲಿನ ಕೆಳಗೆ ಎಲ್ಲೋ ದಾರಿ ತಪ್ಪಿ ನಿಂತಿದೆ, ಈಗ ನೆಲಕ್ಕಿಟ್ಟೆ, ಆಮೇಲೆ ಮತ್ತೆ ನೋಡಿದರೆ ಮತ್ತೆ ಪೆಡಲಿನ ಮೇಲೆ, ಮರಳಿ ಬಂದು ಕೂತಿದೆ, ಹೊಡೆದೋಡಿಸಿದ ಬೆಕ್ಕಿನ ಹಾಗೆ. ಮತ್ತೆ ಅದು, ಪೆಡಲಿನ ಎಡ ಮಗ್ಗುಲಿಗೆ ರಬ್ಬರಿನ ಮ್ಯಾಟಿನ ಮೇಲೆ ಅದು, ಸವೆದ ಗುರುತು, ಬೂಟಿನದು, ಮ್ಯಾಟಿನ ಉಬ್ಬು ಗೆರೆಗಳೆಲ್ಲ ಅಲ್ಲಿ ಅಳಿಸಿ ಹೋಗಿ ಸಪಾಟಾಗಿದೆ, ಹಿಮ್ಮಡಿ ಊರಿದಲ್ಲಿ ತೂತು ಬಿದ್ದು ತಗಡು ಕಾಣುತ್ತದೆ, ಒಂದು ದಿನದಲ್ಲಿ ಬೀಳುವ ಗುರುತಲ್ಲ, ಒಂದು ವರ್ಷದಲ್ಲೂ ಅಲ್ಲ, ಗೇರು ಹಾಕಿದ ಮೇಲೆ ಪ್ರತಿ ಸಲ ಅದೇ ಜಾಗಕ್ಕೆ ಇಳಿದು ಅಲ್ಲೇ ಕೂತ ಕಾಲು, ಎಷ್ಟು ಸಾವಿರ ಸಲ, ಲಕ್ಷ ಸಲ, ಈ ಸಲ ನಾನು ಹೆಚ್ಚಿಗೆ ಹೇಳುತ್ತಿಲ್ಲ. ನನ್ನ ಕಾಲು ಎಲ್ಲಿರತೈತಿ ಅಂತ ಗಾಡಿಗಿ ಗೊತ್ತೈತ್ರಿ. ಬಾಗಿಲು ತೆಗೆದು ಹತ್ತುವಾಗಲೆಲ್ಲ ನನ್ನ ಕಣ್ಣಿಗೆ ಬಿದ್ದದ್ದೇ ಅದು, ಮ್ಯಾಟು ಹರಿದಿದೆ ಹೊಸದು ತರಬೇಕು ಅಂದುಕೊಂಡಿದ್ದೆ, ಹಾಜಿಮಲಂಗ ಆವತ್ತು ಬಗ್ಗಿ ನೋಡಿದ್ದು ಇದನ್ನೇ, ಬಾಯಿ ತೆರೆದದ್ದು ಇದಕ್ಕೇ, ಮುಚ್ಚಿಸಿದ್ದು ನಾನು.

ಮುದ್ದೇಬಿಹಾಳ ಬಂತು, ಬರಬಾರದಿತ್ತು, ಯಾರ್ಡಿನ ಗೇಟು, ಆಟೋಗಳು, ತೊಗರಿ ಚೀಲಗಳ ರಾಶಿ, ಹಮಾಲರ ಗುಂಪು, ಆ ಗುಂಪಿನಲ್ಲಿ ನೋಡಬಾರದೆಂದು ಬೇರೆ ಕಡೆ ನೋಡಿದೆ, ಗೋದಾಮಿನ ಕಟ್ಟೆಗೆ ಗಾಡಿಯನ್ನು ಹಿಂದಕ್ಕೆ ಹಚ್ಚಬೇಕು, ಕಟ್ಟೆಯ ಮುಂದೆ ಒಂದು ಏರು, ಏರು ಅಂದರೆ ಎಷ್ಟು, ಕೂಸು ಅಂಬೆಗಾಲಲ್ಲಿ ಹತ್ತುವಷ್ಟು, ರಿವರ್ಸ್ ಹಾಕಿದೆ, ಇಂಜಿನ್ನು ಊರೆಲ್ಲ ಕೇಳುವ ಹಾಗೆ ಬೊಬ್ಬೆ ಹಾಕಿತು, ಗಾಡಿ ಇದ್ದಲ್ಲೇ ನಡುಗಿತು, ಕೆಳಗಿಂದ ಹೊಗೆ, ಇನ್ನೊಂದು ಸಲ, ಇನ್ನೂ ಹೊಗೆ, ಹಮಾಲರು ತಲೆಯ ಟವೆಲು ಬಿಚ್ಚಿ ಮೂಗಿಗೆ ಹಿಡಿದು ನಗತೊಡಗಿದರು, ಒಬ್ಬ ಕೂಗಿದ, ಏ ಭೀಮಶ್ಯಾ, ನಿಮ್ಮ ಗುರುಗಳ ಗಾಡಿ ಚಿಲುಮಿ ಸೇದಾಕತ್ತೈತಿ, ಬಾರೋ ಇಲ್ಲೆ. ಬಂದ, ಚೀಲಗಳ ಧೂಳಿನಲ್ಲಿ ಹುಬ್ಬು ಬೆಳ್ಳಗಾಗಿತ್ತು, ಬೆನ್ನ ಮೇಲೆ ಗೋಣಿಯ ಕೊಪ್ಪೆ, ಕಾಲಲ್ಲಿ ಅದೇ ಬೂಟು, ನನ್ನನ್ನು ನೋಡಿದ, ಹೊಗೆ ನೋಡಿದ, ಈಗ ನಗುತ್ತಾನೆ ಅಂದುಕೊಂಡೆ, ನಕ್ಕಿದ್ದರೆ ಎಷ್ಟು ಛಲೋ ಇತ್ತು, ತುಸು ಅತ್ಲಾಗ ಸರೀರಿ ಅಣ್ಣಾರ, ನಾ ಹಚ್ಚಿ ಕೊಡ್ತೇನಿ ಅಂದ. ಕೆಳಗೆ ಕೂತು ಬೂಟಿನ ದಾರ ಬಿಚ್ಚಿದ. ಎರಡೂ ಬೂಟು ಜೋಡಿಸಿ ನೆಲದ ಮೇಲಿಟ್ಟು ಬರಿಗಾಲಲ್ಲಿ ಹತ್ತಿದ, ಬೇಡ ಹಾಕ್ಕೋ ಅನ್ನಬೇಕಿತ್ತು, ನಾಲಿಗೆ ಎಲ್ಲಿ ಹೋಗಿತ್ತು, ಜಿಲ್ಲೆಗೆ ಸಾಲುವಷ್ಟು ನಾಲಿಗೆ, ನಾನು ಆಚೆ ಸೀಟಿಗೆ ಜರುಗಿದೆ, ಎಡಗಾಲು ಮಡಚಿ ಮೇಲಿಟ್ಟುಕೊಂಡೆ, ಅದನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ. ತುಸು ಆರಲಿ ಎಂದು ಅವನು ಇಂಜಿನ್ನು ಬಂದ್ ಮಾಡಿ ಕೂತ, ಬಸವಣ್ಣನ ಫೋಟೊದ ಧೂಳು ಒರೆಸಿದ, ಆಮೇಲೆ ನನ್ನ ಪಾದದ ಕಡೆ ನೋಡಿದ, ಅಣ್ಣಾರ, ಕಾಲಾಗ ಜಾಲಿಮುಳ್ಳು ಮುರದೈತಲ್ರಿ. ಎಲ್ಲಿ, ಇಲ್ಲಿ, ಅಂಗಾಲಿನ ನಟ್ಟನಡುವೆ, ಬೆರಳುದ್ದದ್ದು, ಬೆಳಿಗ್ಗೆ ಇಂಡಿಯಲ್ಲಿ ಗಾಲಿಗೆ ಕಾಯಿ ಒಡೆಯಲು ಬರಿಗಾಲಲ್ಲಿ ಗಾಡಿ ಸುತ್ತು ಹಾಕಿದ್ದೆ, ಆಗ ಚುಚ್ಚಿದ್ದಿರಬೇಕು, ಇಂಡಿ, ಸಿಂದಗಿ, ಬಾಗೇವಾಡಿ, ಇಷ್ಟು ಊರು ಆ ಮುಳ್ಳಿನ ಮೇಲೆ ಪೆಡಲು ಒತ್ತಿಕೊಂಡು ಬಂದಿದ್ದೇನೆ. ತಡೀರಿ ಅಂದ, ನನ್ನ ಪಾದ ತನ್ನ ತೊಡೆಯ ಮೇಲೆ ಇಟ್ಟುಕೊಂಡ, ಇಟ್ಟುಕೊಂಡದ್ದು ಕಣ್ಣಿಗೆ ಕಂಡಿತು, ಅಷ್ಟೇ, ಉಗುರಿನಲ್ಲಿ ಹಿಡಿದು ಎಳೆದ, ಮುಳ್ಳು ಬಂತು, ಅದರ ಹಿಂದೆ ಕಪ್ಪು ರಕ್ತ ಬಂತು, ಯಾರದೋ ಕಾಲಿನಿಂದ ಬಂದ ಹಾಗೆ ನಾನು ನೋಡುತ್ತ ಕೂತೆ, ನೋವಾತೇನ್ರಿ ಅಂದ, ಇಲ್ಲ ಅಂದೆ, ಹೆಮ್ಮೆಯಿಂದ ಅನ್ನುವುದು ರೂಢಿ, ಬಾಯಿಂದ ಬೀಳುವ ಹೊತ್ತಿಗೆ ಆ ಇಲ್ಲ ಬೇರೆಯೇ ಆಗಿತ್ತು. ಭೀಮಶ್ಯಾ ಮುಳ್ಳು ಹಿಡಿದುಕೊಂಡು ನನ್ನ ಮುಖ ನೋಡಿದ, ಪೆಡಲು ನೋಡಿದ, ಮತ್ತೆ ನನ್ನ ಮುಖ ನೋಡಿದ, ಸಿಟ್ಟಾಗಲಿಲ್ಲ, ಯಾವಾಗಿಂದ್ರಿ ಅಣ್ಣಾರ ಹಿಂಗ ಅಂದ, ಮೆತ್ತಗೆ, ದವಾಖಾನೆಯಲ್ಲಿ ಕೇಳುವ ಹಾಗೆ.

ಆಗ ಫೋನು ಹೊಡೆಯಿತು, ಸಾವ್ಕಾರರದು, ನನ್ನ ಫೋನು ಬಿದ್ದು ಬಿದ್ದು ಕಿವಿಗೆ ಹಿಡಿದರೆ ಕೇಳುವುದಿಲ್ಲ, ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡಿನ ಮೇಲೇ ಇಟ್ಟಿರುತ್ತೇನೆ, ಸಂಜೀವಕುಮಾರ ಸಾವ್ಕಾರರ ದನಿ ಕ್ಯಾಬಿನ್ನು ತುಂಬ, ಗುರುಲಿಂಗಪ್ಪಾ, ಅಪ್ಪಾಸಾಬ ಹೇಳಿದ, ಗಾಡಿ ಮತ್ತ ವಾಸನಿ ಹೊಡ್ಯಾಕತ್ತೈತಂತ, ಖರೇನ. ಹೇಳುತ್ತೇನೆ, ಈಗ ಹೇಳುತ್ತೇನೆ, ಸಾವ್ಕಾರ್ರ ಅದು ನನ್ನ ಕಾಲು ಅನ್ನಬೇಕು, ನಾಲ್ಕು ಮಾತು, ಭೀಮಶ್ಯಾಂದು ಅಲ್ರಿ, ನಂದು, ಮ್ಯಾಟ್ ನೋಡಿದ್ರ ತಿಳೀತೈತಿ, ಅಂದರೆ ಸ್ಟೇರಿಂಗು ಹೋಗುತ್ತದೆ, ಇವತ್ತೇ ಹೋಗುತ್ತದೆ, ಹೋಗಲಿ, ಧಾಬಾದಲ್ಲಿ ನಗುತ್ತಾರೆ, ನಗಲಿ, ಬಾಯಿ ತೆರೆದೆ, ತೆರೆದೆ, ಅಷ್ಟರಲ್ಲಿ ಅವರೇ ಅಂದರು, ಆ ಭೀಮಶ್ಯಾ ಸುಟ್ಟಾಗ ಒಳಗ ಬ್ಯಾರೆ ಏನರ ಕೆಡಿಸಿರಬೇಕು ಮಗಾ, ಅದರ ಕಾವು ಇದಕ್ಕ ಬಡದೈತಿ, ಹೌದಿಲ್ಲೋ. ಭೀಮಶ್ಯಾ ಪಕ್ಕದಲ್ಲಿದ್ದಾನೆ, ನನ್ನ ರಕ್ತ ಹತ್ತಿದ ಮುಳ್ಳು ಅವನ ಬೆರಳಲ್ಲಿದೆ, ಫೋನಿನ ಕಡೆ ನೋಡುತ್ತಿಲ್ಲ, ನನ್ನ ಬಾಯಿಯ ಕಡೆ ನೋಡುತ್ತಿದ್ದಾನೆ, ನನ್ನ ಬಾಯಿಯಿಂದ ಮಾತು ಬಂತು, ಹೌದ್ರಿ. ನಾನು ಇಟ್ಟದ್ದಲ್ಲ, ತಾನೇ ಬಂದು ಕೂತಿತು, ಆ ಕಾಲಿನ ಹಾಗೇ, ಇಷ್ಟು ವರ್ಷ ಗಾಳಿಗೆ ತೂರಿದ ಹತ್ತು ಕೋಟಿ ಮಾತಿನ ಕೊನೆಗೆ ಅದೊಂದೇ ಮಾತು, ಹೌದ್ರಿ, ಸಾವ್ಕಾರರು ಹಾಂ ಅಂದು ಇಟ್ಟರು. ಭೀಮಶ್ಯಾ ಮುಳ್ಳನ್ನು ಕಿಟಕಿಯಿಂದ ಆಚೆ ಒಗೆದ, ಯಾರ ಕಾಲಿಗೂ ಸಿಗದ ಹಾಗೆ ದೂರ ಒಗೆದ, ನನ್ನ ಪಾದವನ್ನು ತೊಡೆಯಿಂದ ಎತ್ತಿ ಸೀಟಿನ ಮೇಲಿಟ್ಟ, ಇಂಜಿನ್ನು ಚಾಲೂ ಮಾಡಿದ, ಕ್ಲಚ್ಚು ಒತ್ತಿದ, ಗೇರು ಹಾಕಿದ, ಒಂದೇ ಸಲ ಕಾಲು ಬಿಟ್ಟ, ಆರಿದ ಪ್ಲೇಟು ಕೊನೆಯ ಸಲ ಹಿಡಿಯಿತು, ಅರೆಬರೆ ತುಂಬಿದ ಗಾಡಿ ಸದ್ದಿಲ್ಲದೆ ಏರಿ ಕಟ್ಟೆಗೆ ಹೋಗಿ ಒರಗಿತು, ಮತ್ತು ಅವನ ಎಡಗಾಲು, ಬೂಟಿಲ್ಲದ ಕಾಲು, ಪೆಡಲಿನಿಂದ ಇಳಿದು, ಹುಡುಕದೆ, ತಡಕದೆ, ದನ ಸಂಜೆಗೆ ತನ್ನ ಗೂಟಕ್ಕೆ ಬಂದು ನಿಲ್ಲುವ ಹಾಗೆ, ಆ ಸವೆದ ಗುರುತಿನ ಮೇಲೆ ಕೂತಿತು, ಹಿಮ್ಮಡಿ ತೂತಿಗೆ ಸರಿಯಾಗಿ. ನೆಲ ಇನ್ನೂ ಸುಡತೈತ್ರಿ ಅಂದ, ಅಷ್ಟೇ ಅಂದ, ಇಳಿದು ಬೂಟು ಹಾಕಿಕೊಂಡ, ದಾರ ಕಟ್ಟಿಕೊಂಡ, ಕೊಪ್ಪೆ ಬೆನ್ನಿಗೆಳೆದುಕೊಂಡು ಹಿಂದಿನ ಹಲಗೆಯ ಕಡೆ ಹೋದ.

ಚೀಲ ಬೀಳುವ ಸಪ್ಪಳ, ಒಂದೊಂದು ಚೀಲಕ್ಕೂ ಗಾಡಿ ಸಣ್ಣಗೆ ಮೇಲೇಳುತ್ತದೆ, ಹಮಾಲರು ಏನೋ ಹೇಳಿ ನಗುತ್ತಾರೆ, ಆ ನಗೆಯಲ್ಲಿ ಅವನ ದನಿ ಇದೆಯೋ ಇಲ್ಲವೋ, ಕಿವಿ ಇಟ್ಟು ಕೇಳಿದೆ, ಇಲ್ಲ, ಫೋನು ಇಲ್ಲೇ ಇದೆ, ತಿರುಗಿ ಹಚ್ಚಬಹುದು, ಸಾವ್ಕಾರ್ರ ಒಂದ ಮಾತ್ರಿ ಅನ್ನಬಹುದು, ಹೇ, ಬಾಯಿಗೇನು ಬರಗಾಲ ನನಗೆ, ಕಲ್ಲನ್ನು ಮಾತಾಡಿಸಿದವನು, ನಾಲ್ಕು ಮಾತು, ಮೊದಲು ಸರಿಯಾಗಿ ಕೂಡುತ್ತೇನೆ, ಡ್ರೈವರ್ ಸೀಟಿಗೆ ಜರುಗಿದೆ, ಹ್ಯಾಂಡ್‌ಬ್ರೇಕು ಎಳೆದೇ ಇದೆ, ಎಳೆದೇ ಹೋಗಿದ್ದಾನೆ, ಎಡಗಾಲನ್ನು ಆ ಗುರುತಿನ ಮೇಲೆ ಇಡೋಣ, ಒಂದು ಸಲ ಇಟ್ಟು ನೋಡೋಣ, ಇಟ್ಟೆ, ಇಟ್ಟೆ ಅಂದುಕೊಂಡೆ, ಬಗ್ಗಿ ನೋಡಿದರೆ ಪೆಡಲಿನ ಮೇಲಿದೆ, ಇನ್ನೊಂದು ಸಲ, ಪೆಡಲಿನ ಮೇಲೆ, ರಬ್ಬರಿನ ಮೇಲೆ ರಕ್ತದ ಕಲೆ, ಎರಡೂ ಕೈಯಿಂದ ಕಾಲು ಹಿಡಿದು ಎತ್ತಿ, ಚೀಲ ಎತ್ತಿದ ಹಾಗೆ ಎತ್ತಿ, ಅದರ ಮೇಲಿಟ್ಟೆ, ಸುಡುತ್ತಿರಬೇಕು, ಅವನು ಸುಡುತ್ತದೆ ಅಂದ, ತಗಡು ಕಾಣುವ ತೂತು ಇದೆಯಲ್ಲ ಅಲ್ಲಿ ಸುಡುತ್ತಿರಬೇಕು, ನನಗೆ ಗೊತ್ತಿಲ್ಲ, ಕೈ ಬಿಟ್ಟರೆ ಇರುತ್ತದೆಯೋ ಇಲ್ಲವೋ ಗೊತ್ತಿಲ್ಲ, ಫೋನು ಹಚ್ಚಬೇಕಾದರೆ ಕೈ ಬಿಡಬೇಕು, ಕೈ ಬಿಟ್ಟರೆ ಕಣ್ಣು ತೆಗೆಯುವಂತಿಲ್ಲ, ನನ್ನ ಪಾದ ಸಣ್ಣದು, ಸುತ್ತಲೂ ಅವನ ಬೂಟಿನ ಅಂಚು ಉಳಿದಿದೆ, ಕಾಲು ಸರಿಸಿದೆ, ಗುರುತು ಪೂರ್ತಿ ಕಂಡಿತು, ಹಿಮ್ಮಡಿ, ನಡುವಿನ ಸಪಾಟು, ಮುಂದೆ ಬೆರಳಿನ ಕಡೆಯ ಅರ್ಧಚಂದ್ರ, ಪೆಡಲಿಗೂ ಅದಕ್ಕೂ ನಡುವೆ ಒಂದು ಗೇಣು, ಒಂದೇ ಗೇಣು, ಬೂಟಿನ ಗುರುತು, ಕ್ಲಚ್ಚಿನ ಮಗ್ಗುಲಿಗೆ, ಬೂಟಿನ ಗುರುತು —